ಕಲ್ಲು, ಎರೆಮಣ್ಣು, ಗೋಣಿ ತಟ್ಟು: ಮಿಶ್ರ ಮಾಧ್ಯಮದ ಕೂಡು ಸಂದು

(ಕಲಬುರಗಿಯಲ್ಲಿ ಮಿಶ್ರ ಮಾಧ್ಯಮದ ಹೊಸ ಕೃತಿಗಳ ಪ್ರದರ್ಶನದ ವೇಳೆ ಚಿತ್ರಕಲಾ ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಗೋಡೆಯ ಮೇಲಿರುವ ಕೃತಿಗಳ ಪಕ್ಕದ ಚೀಟಿಗಳನ್ನು ನೀವು ಓದಿರಬಹುದು. ಹಲವು ವಸ್ತು ಕೂಡಿಸಿ ಮಾಡಿದ ಕೃತಿ ಎನ್ನುವ ಅರ್ಥದಲ್ಲಿ ‘ಮಿಶ್ರ ಮಾಧ್ಯಮ’ ಎಂದಷ್ಟೇ ಬರೆದು ಬಿಟ್ಟಿಲ್ಲ. ‘12 ಮಿ.ಮೀ. ಪ್ಲೈವುಡ್, ಗೋಣಿ ತಟ್ಟು, ಫರಸಿ ಪುಡಿಯ ಗೆಸ್ಸೊ, ಬೀದರಿನ ಕೆಮ್ಮಣ್ಣು, ಅಕ್ರಿಲಿಕ್’ ಎಂದು ಉದ್ದಕ್ಕೆ ಇದೆ. (ಫರಸಿ ಎಂದರೆ ಶಹಾಬಾದಿನ ಹಾಸುಗಲ್ಲು, ಗೆಸ್ಸೊ ಎಂದರೆ ಬಣ್ಣದ ಕೆಳಗೆ ಬಳಿಯುವ ನೆಲ.) ಕಿರಾಣಿ ಚೀಟಿಯ ಹಾಗೆ ಕಾಣುತ್ತದೆ, ನಿಜ. ಆದರೆ ಇಪ್ಪತ್ತು ವರ್ಷದ ಮೇಲೆ ಯಾರಾದರೂ ಇದನ್ನು ದುರಸ್ತಿಗೆ ಕೈಗೆತ್ತಿಕೊಂಡರೆ ಅವರಿಗೆ ಮೊದಲು ಬೇಕಾಗುವುದು ಇದೇ ಚೀಟಿ.

‘ಮಿಶ್ರ’ ಎಂಬ ಹೆಸರೇ ಸ್ವಲ್ಪ ದಾರಿ ತಪ್ಪಿಸುತ್ತದೆ. ಈ ಕೃತಿಗಳಲ್ಲಿ ಯಾವುದೂ ಮಿಶ್ರವಾಗಿಲ್ಲ. ಕಲ್ಲು ಕಲ್ಲಾಗಿಯೇ ಕೂತಿದೆ, ಬಟ್ಟೆ ಬಟ್ಟೆಯಾಗಿಯೇ. ಬೇಸಿಗೆಯಲ್ಲಿ ಒಂದು ಹಿಗ್ಗುವಷ್ಟು ಇನ್ನೊಂದು ಹಿಗ್ಗುವುದಿಲ್ಲ. ಮಳೆಗಾಲದಲ್ಲಿ ಒಂದು ನೀರು ಹೀರಿದರೆ ಇನ್ನೊಂದು ಮುಟ್ಟುವುದೇ ಇಲ್ಲ. ಹಾಗಾಗಿ ಕೃತಿ ಕೆಡುವುದು ಬಹುಪಾಲು ಇವೆರಡೂ ಕೂಡುವ ಸಂದಿನಲ್ಲಿ. ‘ಸರ್, ಇದು ಯಾಕ ಬಿಚ್ಕೊಂಡದ?’ ಎಂದು ವಿದ್ಯಾರ್ಥಿಗಳು ತಂದು ತೋರಿಸುವ ಕೆಲಸಗಳಲ್ಲೂ ನೋಡಬೇಕಾದದ್ದು ಆ ಸಂದನ್ನೇ. ಇವತ್ತಿನ ಮಾತೂ ಅದರದ್ದೇ.

ನಮ್ಮ ಭಾಗದಲ್ಲಿ ಈ ಸಂದನ್ನು ಚೆನ್ನಾಗಿ ಅರಿತವರು ಬಿದರಿ ಕುಶಲಕರ್ಮಿಗಳು. ಸತು ಹದಿನಾರು ಪಾಲು, ತಾಮ್ರ ಒಂದು ಪಾಲು ಎನ್ನುವುದು ಎರಕದ ಸಾಮಾನ್ಯ ಲೆಕ್ಕ. ಎರಕದ ಮೈಗೆ ಮೈಲುತುತ್ತಿನ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿ, ಗೆರೆ ಕೊರೆದು, ಉಳಿಯಿಂದ ಕಾಲುವೆ ತೋಡಿ, ಅದರೊಳಗೆ ಬೆಳ್ಳಿ ತಂತಿಯನ್ನು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ಗಮನಿಸಿ, ಇಲ್ಲಿ ಅಂಟೇ ಇಲ್ಲ. ಬಡಿತಕ್ಕೆ ತಂತಿ ಅಗಲವಾಗಿ ಕಾಲುವೆಯ ಗೋಡೆಗಳನ್ನು ಕಚ್ಚಿಕೊಳ್ಳುತ್ತದೆ. ಬೀದರ್ ಕೋಟೆಯ ರಂಗೀನ್ ಮಹಲಿನಲ್ಲಿ ಕರಿಕಲ್ಲಿನಲ್ಲಿ ಮುತ್ತಿನ ಚಿಪ್ಪು ಕೂರಿಸಿರುವುದೂ ಹೀಗೇ, ಮೊದಲು ಕಲ್ಲಿನಲ್ಲಿ ಗುಂಡಿ ತೋಡಿ. 1472ರ ಮಹಮೂದ್ ಗಾವಾನ್ ಮದರಸಾದ ಬಣ್ಣದ ಹೆಂಚುಗಳು ಹಾಗಲ್ಲ, ಗೋಡೆಯ ಮೇಲೆ ಗಾರೆಯ ಹಿಡಿತದಲ್ಲಿದ್ದವು; ಅವುಗಳಲ್ಲಿ ಉಳಿದದ್ದಕ್ಕಿಂತ ಹೋದದ್ದೇ ಹೆಚ್ಚು. ಈ ಹೋಲಿಕೆ ಪೂರ್ತಿ ನ್ಯಾಯದ್ದಲ್ಲ. ಮದರಸಾ ಸಿಡಿಮದ್ದಿನ ಸ್ಫೋಟಕ್ಕೂ ಸಿಕ್ಕಿತು, ಹೊರಗೋಡೆ ಮಳೆ ಬಿಸಿಲಿಗೂ ಮೈಯೊಡ್ಡಿತು. ಆದರೂ ಪಾಠ ಸ್ಪಷ್ಟ: ಅಂಟಿಸಿದ್ದಕ್ಕಿಂತ ಕಚ್ಚಿಸಿದ್ದು ಹೆಚ್ಚು ಕಾಲ ನಿಲ್ಲುತ್ತದೆ.

ಕೆಳಗಿನ ಹಲಗೆಯಿಂದ ಶುರು ಮಾಡೋಣ. ಕಲ್ಲು, ಮಣ್ಣು ಹೊರಬೇಕಾದ ಕೆಲಸಕ್ಕೆ ಎಳೆದು ಬಿಗಿದ ಕ್ಯಾನ್ವಾಸ್ ಬೇಡ. ಬಟ್ಟೆ ಜೋಲುತ್ತದೆ, ಮೇಲಿನ ಗಟ್ಟಿ ಪದರಕ್ಕೆ ಜೋಲಲು ಬರುವುದಿಲ್ಲ, ಅಲ್ಲೇ ಬಿರುಕು. 12 ಮಿ.ಮೀ. ದಪ್ಪದ, ನೀರು ತಾಳುವ ದರ್ಜೆಯ ಪ್ಲೈವುಡ್ ತೆಗೆದುಕೊಳ್ಳಿ. ನಾಲ್ಕು ಅಡಿಗೆ ಮೂರು ಅಡಿ ಇದ್ದರೆ ಹಿಂದೆ ಸುತ್ತ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ. ಮುಂಭಾಗಕ್ಕೆ ಏನು ಬಳಿಯುತ್ತೀರೋ ಹಿಂಭಾಗಕ್ಕೂ ನಾಲ್ಕು ಅಂಚಿಗೂ ಅದನ್ನೇ ಬಳಿಯಿರಿ. ಒಂದೇ ಮಗ್ಗುಲು ಬಳಿದರೆ ಇನ್ನೊಂದು ಮಗ್ಗುಲು ಮಳೆಗಾಲದ ತೇವ ಹೀರಿ ಹಲಗೆ ಬಿಲ್ಲಿನ ಹಾಗೆ ಬಾಗುತ್ತದೆ. ಮೊದಲ ಎರಡು ಲೇಪ ಹೊಳಪಿನ ಅಕ್ರಿಲಿಕ್ ಮೀಡಿಯಂ (ಬಣ್ಣ ಬೆರೆಸದ ಬರೀ ಅಕ್ರಿಲಿಕ್ ಅಂಟು) ಆಗಿರಲಿ, ಒಂದು ಪೂರ್ತಿ ಒಣಗಿದ ಮೇಲೆ ಇನ್ನೊಂದು. ನೇರವಾಗಿ ಗೆಸ್ಸೊ ಬಳಿದರೆ ಅದರ ನೀರು ಕಟ್ಟಿಗೆಯ ಕಂದು ರಸವನ್ನು ಮೇಲಕ್ಕೆಳೆಯುತ್ತದೆ, ಬಿಳಿ ನೆಲದಲ್ಲಿ ಚಹಾ ಚೆಲ್ಲಿದ ಹಾಗೆ ಕಲೆ ಕಾಣಿಸುತ್ತದೆ. ಎಷ್ಟೋ ಸಲ ಇದು ಮೇಲಿನ ಬಣ್ಣವೂ ಒಣಗಿದ ನಂತರ ಗೊತ್ತಾಗುತ್ತದೆ.

ಗೆಸ್ಸೊ ಎಂದರೆ ಬಣ್ಣಕ್ಕೆ ಹಿಡಿತ ಕೊಡುವ ನೆಲ. ಅದರ ಮುಖ್ಯ ಪುಡಿ ಕ್ಯಾಲ್ಸಿಯಂ ಕಾರ್ಬೊನೇಟ್, ಅಂದರೆ ಸೀಮೆಸುಣ್ಣದ ಜಾತಿ. ಶಹಾಬಾದ್ ಫರಸಿಯೂ ಸುಣ್ಣದ ಕಲ್ಲೇ, ಬಹುಪಾಲು ಅದೇ ವಸ್ತು. ಕಲ್ಲು ಕೊಯ್ಯುವ, ಪಾಲಿಶ್ ಮಾಡುವ ಮಷಿನಿನ ಕೆಳಗೆ ಬೂದು ಕೆಸರಿನ ಹಾಗೆ ಹರಿದು ಒಣಗಿ ಗುಡ್ಡೆಯಾಗುವ ಹುಡಿ ಬಹಳ ಸಣ್ಣಗಿರುತ್ತದೆ. ಅದನ್ನು ನೀರಲ್ಲಿ ಕದಡಿ, ಮಲ್ಮಲ್ ಬಟ್ಟೆಯಲ್ಲಿ ಸೋಸಿ, ಒಣಗಿಸಿ ಬಳಸಬಹುದು. ಇಲ್ಲಿ ಬಳಸಿರುವ ಲೆಕ್ಕ ಲೋಟದ ಅಳತೆಯಲ್ಲಿ ಹೀಗಿದೆ: ಅಕ್ರಿಲಿಕ್ ಮೀಡಿಯಂ ಎರಡು, ನೀರು ಒಂದು, ಫರಸಿ ಹುಡಿ ಎರಡು, ಟೈಟಾನಿಯಂ ಬಿಳಿ ಅರ್ಧ. ಬಿಳಿ ಹಾಕದಿದ್ದರೂ ನಡೆಯುತ್ತದೆ, ಆಗ ನೆಲ ತಿಳಿಬೂದು ಬರುತ್ತದೆ. ಮಣ್ಣಿನ ಬಣ್ಣಗಳಿಗೆ ಆ ಬೂದೇ ಚೆಂದ. ಹುಡಿಗೆ ನೀರು ಸೇರಿಸಿ ಮೊದಲು ಮೊಸರಿನ ಹದ ಮಾಡಿ, ಆಮೇಲೆ ಮೀಡಿಯಂ ಬೆರೆಸಿ. ಒಣ ಹುಡಿಯನ್ನು ನೇರ ಮೀಡಿಯಂಗೆ ಸುರಿದರೆ ಗಂಟು ಕಟ್ಟುತ್ತದೆ, ಗಂಟಿನ ಒಳಗೆ ಅಂಟು ಹೋಗುವುದಿಲ್ಲ. ತೆಳುವಾಗಿ ಮೂರು ನಾಲ್ಕು ಲೇಪ, ನಡುವೆ 220 ನಂಬರಿನ ಉಜ್ಜುಕಾಗದ. ಹುಡಿ ಹೆಚ್ಚಾಯಿತೋ ಇಲ್ಲವೋ ತಿಳಿಯಲು ಒಣಗಿದ ಮೇಲೆ ಒದ್ದೆ ಹತ್ತಿಯಿಂದ ಗಟ್ಟಿಯಾಗಿ ಉಜ್ಜಿ. ಹತ್ತಿ ಬೂದಾದರೆ ಅಂಟು ಸಾಲದು. ಅಂಥ ನೆಲದ ಮೇಲೆ ಎಷ್ಟು ಒಳ್ಳೆಯ ಬಣ್ಣ ಹಚ್ಚಿದರೂ ಮುಂದೆ ಸಿಪ್ಪೆಯಾಗಿ ಏಳುತ್ತದೆ. ಉಜ್ಜುವಾಗ, ಒಣ ಹುಡಿ ಸುರಿಯುವಾಗ ಎನ್-95 ಮಾಸ್ಕ್ ಹಾಕಿ. ಕರ್ಚೀಫು ಸಾಲುವುದಿಲ್ಲ.

ಫರಸಿಯನ್ನು ಪುಡಿ ಮಾಡದೆ ಹಲ್ಲೆಯಾಗಿಯೇ, ಅಂದರೆ ಚಪ್ಪಟೆ ತುಂಡಾಗಿಯೇ ಕೂರಿಸುವಾಗ ಮೊದಲ ಪ್ರಶ್ನೆ ತೂಕ. ಒಂದು ಚದರ ಅಡಿ ಅಗಲ, 10 ಮಿ.ಮೀ. ದಪ್ಪದ ಫರಸಿ ಸುಮಾರು ಎರಡೂವರೆ ಕಿಲೋ ತೂಗುತ್ತದೆ. ಎರಡನೆಯದು ಪದರ. ಈ ಕಲ್ಲು ಪದರ ಪದರವಾಗಿ ಕೂಡಿದ್ದು; ಆ ಗುಣದಿಂದಲೇ ಅದು ಹಾಸುಗಲ್ಲಾಗಿ ಸುಲಭವಾಗಿ ಏಳುತ್ತದೆ. ಹಾಗಾಗಿ ಅಂಟು ಎಷ್ಟೇ ಗಟ್ಟಿ ಇದ್ದರೂ ಕಲ್ಲೇ ನಡುವೆ ಸೀಳಿ, ಹಿಂದಿನ ಪದರ ಹಲಗೆಯಲ್ಲೇ ಉಳಿದು ಮುಂದಿನದು ಬೀಳಬಹುದು. ಹಲ್ಲೆಯನ್ನು ಬೆರಳ ತುದಿಯಲ್ಲಿ ತೂಗುಬಿಟ್ಟು ನಾಣ್ಯದಿಂದ ತಟ್ಟಿ. ಟಣ್ ಎಂದರೆ ಬಳಸಿ, ಬೊದ್ದು ಸದ್ದು ಬಂದರೆ ಒಳಗೆ ಪದರ ಬಿಟ್ಟಿದೆ, ಪುಡಿಗೆ ಇಟ್ಟುಕೊಳ್ಳಿ.

ಬಡಗಿಗಳು ಬಳಸುವ ಬಿಳಿ ಅಂಟು ಕಲ್ಲಿಗೆ ಬೇಡವೇ ಬೇಡ. ಆ ಅಂಟಿನ ರಾಳ 30–40 ಡಿಗ್ರಿಯ ಆಸುಪಾಸಿನಲ್ಲೇ ಮೆತ್ತಗಾಗುತ್ತದೆ. ಕಲಬುರಗಿಯ ಮೇ ತಿಂಗಳಿಗೆ 42–43 ಡಿಗ್ರಿ ಹೊಸದೇನಲ್ಲ. ತಗಡಿನ ಸೂರಿನ ಕೋಣೆಯಾದರೆ ಇನ್ನೂ ಹೆಚ್ಚು. ನಿಲ್ಲಿಸಿಟ್ಟ ಕೃತಿಯಲ್ಲಿ ಕಲ್ಲು ಥಟ್ಟನೆ ಬೀಳುವುದಿಲ್ಲ, ದಿನಕ್ಕೆ ಕೂದಲಷ್ಟು ಜಾರುತ್ತದೆ. ಒಂದು ದಿನ ನೋಡಿದರೆ ಗೆರೆ ಕೂಡುತ್ತಿಲ್ಲ ಎನಿಸುತ್ತದೆ, ಅಷ್ಟೇ. ಎರಡು ಟ್ಯೂಬಿನ ಇಪಾಕ್ಸಿ ಬಳಸಿ. ಕಲ್ಲಿನ ಬೆನ್ನನ್ನು 40 ನಂಬರಿನ ಕಾಗದದಿಂದ ಗೀರಿ, ತೊಳೆದು, ಒಂದು ದಿನ ಒಣಗಿಸಿ. ಹಲಗೆಯಲ್ಲಿ ಆ ಜಾಗದ ಗೆಸ್ಸೊವನ್ನು ಕೆರೆದು ಕಟ್ಟಿಗೆಯನ್ನೇ ತೆರೆಯಿರಿ. ಗೆಸ್ಸೊ ಮೇಲೆ ಅಂಟಿಸಿದರೆ ನಿಮ್ಮ ಕಲ್ಲು ನಿಂತಿರುವುದು ಇಪಾಕ್ಸಿಯ ಬಲದಿಂದಲ್ಲ, ಗೆಸ್ಸೊದ ಬಲದಿಂದ. ಒಂದು ಸಲಕ್ಕೆ ಇಪ್ಪತ್ತು ಗ್ರಾಂಗಿಂತ ಹೆಚ್ಚು ಕಲಸಬೇಡಿ. ಹತ್ತು ಡಿಗ್ರಿ ಏರಿದರೆ ಗಟ್ಟಿಯಾಗುವ ವೇಗ ಹೆಚ್ಚುಕಡಿಮೆ ಇಮ್ಮಡಿ. ಡಬ್ಬಿಯ ಮೇಲೆ ಬರೆದಿರುವ ಸಮಯ ನಮ್ಮ ಊರಿನ ಏಪ್ರಿಲ್‌ಗೆ ಬರೆದದ್ದಲ್ಲ.

ಅಂಗೈಗಿಂತ ದೊಡ್ಡ ಹಲ್ಲೆಯಾದರೆ ಇಪಾಕ್ಸಿಯನ್ನೂ ನೆಚ್ಚಬೇಡಿ. ಎರಡು ತೂತು, 3 ಮಿ.ಮೀ., ಸುತ್ತಿಗೆ ಹೊಡೆತ ಬಂದ್ ಮಾಡಿದ ಡ್ರಿಲ್ಲಿನಲ್ಲಿ, ತೊಟ್ಟು ತೊಟ್ಟು ನೀರು ಬಿಡುತ್ತಾ. ಹೊಡೆತ ಚಾಲೂ ಇದ್ದರೆ ಪದರ ಸೀಳುತ್ತದೆ. ತೂತಿನಲ್ಲಿ ಸ್ಟೀಲ್ ತಂತಿ ಹಾಯಿಸಿ ಹಲಗೆಯ ಹಿಂದೆ ತಿರುಚಿ ಕಟ್ಟಿ. ಆ ಮೂಲೆಯ ಕೃತಿಯಲ್ಲಿ ತಂತಿಯ ಹೊಲಿಗೆ ಮುಂದೆಯೇ ಕಾಣುವ ಹಾಗೆ ಬಿಟ್ಟಿದೆ. ಮುಚ್ಚಬಹುದಿತ್ತು. ಕೃತಿಯ ಭಾರ ಯಾವುದು ಹೊತ್ತಿದೆ ಎನ್ನುವುದು ಕಂಡರೆ ತಪ್ಪೇನಿಲ್ಲ.

ಇನ್ನು ಮಣ್ಣು. ಬೀದರಿನ ಎತ್ತರದ ನೆಲ ಜಂಬಿಟ್ಟಿಗೆಯದು. ಅದರ ಕೆಂಪು ಕಬ್ಬಿಣದ ಆಕ್ಸೈಡಿನದು, ಬಿಸಿಲಿಗೆ ಮಾಸುವುದಿಲ್ಲ. ಒಂದು ಕಿಲೋ ಮಣ್ಣನ್ನು ಕುಟ್ಟಿ ಹತ್ತು ಲೀಟರ್ ನೀರಿನ ಬಕೆಟ್ಟಿಗೆ ಹಾಕಿ ಕದಡಿ. ಒಂದು ನಿಮಿಷ ಬಿಡಿ; ಉಸುಕು ತಳ ಸೇರುತ್ತದೆ. ಮೇಲಿನ ಕೆಂಪು ನೀರನ್ನು ಇನ್ನೊಂದು ಬಕೆಟ್ಟಿಗೆ ಬಸಿದು ಒಂದು ದಿನ ನಿಲ್ಲಿಸಿ. ಮೇಲೆ ತಿಳಿಯಾದ ನೀರು ಚೆಲ್ಲಿ, ಹೊಸ ನೀರು ಹಾಕಿ ಮತ್ತೆ ಕದಡಿ. ಹೀಗೆ ಕಡಿಮೆ ಎಂದರೂ ಮೂರು ಸಲ. ಉಸುಕು ಮೊದಲ ಸಲವೇ ಹೋಯಿತು, ಮತ್ತೆ ಯಾಕೆ ತೊಳೆಯುವುದು ಎಂದು ಕೇಳುತ್ತಾರೆ. ಉಳಿದ ತೊಳೆತ ಉಪ್ಪಿಗಾಗಿ. ಮಣ್ಣಿನ ಉಪ್ಪು ಮಳೆಗಾಲದ ತೇವದಲ್ಲಿ ಕರಗಿ, ಒಣಗುವಾಗ ಮೇಲಕ್ಕೆ ಬಂದು ಬಿಳಿ ಬೂಷ್ಟಿನ ಹಾಗೆ ಕೂರುತ್ತದೆ. ಹಳೆಯ ಮನೆಯ ಗೋಡೆಯ ಬುಡದಲ್ಲಿ ನೋಡಿರುತ್ತೀರಿ. ಹರಳಾಗುವಾಗ ಅದು ಬಣ್ಣದ ಪದರವನ್ನೇ ಎತ್ತುತ್ತದೆ. ಪರೀಕ್ಷೆ ಸುಲಭ: ಕೊನೆಯ ತೊಳೆದ ನೀರಿನ ನಾಲ್ಕು ಹನಿ ಗಾಜಿನ ಮೇಲೆ ಒಣಗಿಸಿ, ಪಕ್ಕದಲ್ಲಿ ನೀವು ಬಳಸಿದ ಬರೀ ನೀರಿನ ನಾಲ್ಕು ಹನಿ. ಎರಡೂ ಗುರುತು ಒಂದೇ ಥರ ಇದ್ದರೆ ಸಾಕು. ಬೋರಿನ ಗಡಸು ನೀರೇ ಗುರುತು ಬಿಡುವುದರಿಂದ ಈ ಹೋಲಿಕೆ ಬೇಕು.

ಇಲ್ಲೊಂದು ಮಾತು. ಬಿದರಿಯ ಕೊನೆಯ ಹಂತದಲ್ಲಿ ಕೋಟೆಯ ಹಳೆಯ, ಬಿಸಿಲು ಮಳೆ ತಾಗದ ಜಾಗದ ಮಣ್ಣನ್ನು ನವಸಾಗರದ ಜೊತೆ ಕಲಸಿ ಬಿಸಿ ಮಾಡಿದ ಮೈಗೆ ತಿಕ್ಕುತ್ತಾರೆ. ಸತು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಮಣ್ಣಿಗಿರುವ ಹೆಸರು ಕೇಳಿ ಅದನ್ನೇ ಚಿತ್ರಕ್ಕೂ ಹಚ್ಚೋಣ ಎನ್ನುವ ಆಸೆ ಹುಟ್ಟುವುದು ಸಹಜ. ಹಚ್ಚಬೇಡಿ. ಅಲ್ಲಿ ಅದು ಬೆಲೆ ಬಾಳುವುದು ಅದರೊಳಗಿನ ಲವಣಗಳಿಂದ. ಚಿತ್ರಕಾರ ಮೂರು ಸಲ ತೊಳೆದು ಚೆಲ್ಲುವುದೂ ಅಂಥ ಲವಣವನ್ನೇ. ತೊಳೆಯದೆ ಹಚ್ಚಿದರೆ ಬೂಷ್ಟು, ತೊಳೆದು ಹಚ್ಚಿದರೆ ಅದು ಬರೀ ಮಣ್ಣು. ಅದನ್ನು ಬಿದರಿಯವರಿಗೇ ಬಿಡಿ.

ತೊಳೆದ ಕೆಮ್ಮಣ್ಣನ್ನು ಪೂರ್ತಿ ಒಣಗಿಸದೆ, ಮೊಸರಿನ ಹದದಲ್ಲೇ ಮುಚ್ಚಳದ ಡಬ್ಬಿಯಲ್ಲಿಟ್ಟುಕೊಂಡರೆ ಅರೆಯುವ ಕೆಲಸ ಉಳಿಯುತ್ತದೆ. ಈ ಮೊಸರು ಒಂದು ಪಾಲಿಗೆ ಮೀಡಿಯಂ ಒಂದೂವರೆಯಿಂದ ಎರಡು ಪಾಲು. ಪ್ರತಿ ಮಣ್ಣಿಗೂ ಬೇರೆ, ಒದ್ದೆ ಹತ್ತಿಯ ಪರೀಕ್ಷೆಯಿಂದ ಹೊಂದಿಸಿಕೊಳ್ಳಿ. ಜಂಬಿಟ್ಟಿಗೆಯಲ್ಲಿ ಹಳದಿ ಉಂಡೆಗಳೂ ಸಿಗುತ್ತವೆ. ಅವನ್ನು ಪುಡಿ ಮಾಡಿ ಕಬ್ಬಿಣದ ಹಂಚಿನ ಮೇಲೆ ಜೋರು ಉರಿಯಲ್ಲಿ ಹುರಿದರೆ ಕಣ್ಣೆದುರೇ ಕೆಂಪಿಗೆ ತಿರುಗುತ್ತದೆ: ಕಬ್ಬಿಣದ ಹಳದಿ ಆಕ್ಸೈಡು ಒಳಗೆ ಹಿಡಿದುಕೊಂಡ ನೀರು ಹೋದರೆ ಅದು ಕೆಂಪು. ಬೇಗ ಇಳಿಸಿದರೆ ಕಿತ್ತಳೆ, ತಡವಾಗಿ ಇಳಿಸಿದರೆ ಇಟ್ಟಿಗೆ ಬಣ್ಣ. ಒಂದೇ ಹಿಡಿಯಿಂದ ನಾಲ್ಕು ಬಣ್ಣ, ನಾಲ್ಕೂ ಮಾಸದವು.

ಎರೆಮಣ್ಣು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ಎರೆ ಹೊಲ ಬೇಸಿಗೆಯಲ್ಲಿ ಕಾಲು ಸಿಕ್ಕುವಷ್ಟು ಬಿರಿಯುವುದು ಈ ಭಾಗದವರಿಗೆ ಹೇಳಬೇಕಾಗಿಲ್ಲ. ಅದರ ಜೇಡಿಯ ಕಣಗಳು ಹಾಳೆ ಹಾಳೆಯಾಗಿದ್ದು, ಹಾಳೆಗಳ ನಡುವೆ ನೀರು ಹೊಕ್ಕು ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಹೊಲದಲ್ಲಿ ಆಗುವುದೇ ಹಲಗೆಯ ಮೇಲೂ ಆಗುತ್ತದೆ. ಬಣ್ಣವಾಗಿಯೂ ಅದು ಮೋಸ ಮಾಡುತ್ತದೆ: ಹೊಲದಲ್ಲಿ ಕಪ್ಪು, ಅರೆದು ಹಚ್ಚಿದರೆ ಮಬ್ಬು ಬೂದುಗಂದು. ಬಿರುಕು ಬೇಡದವರು ಕುಂಬಾರರ ಭಟ್ಟಿಯಲ್ಲಿ ಮಡಕೆಗಳ ಜೊತೆ ಒಂದು ಡಬ್ಬಿ ಎರೆ ಸುಡಿಸಿಕೊಳ್ಳಬಹುದು. ಸುಟ್ಟ ಮೇಲೆ ಉಬ್ಬುವ ಗುಣ ಹೋಗುತ್ತದೆ, ಆದರೆ ಬಣ್ಣವೂ ಕೆಂಗಂದಾಗುತ್ತದೆ. ಕಪ್ಪು ಬೇಕಿದ್ದರೆ ತೊಗರಿ ಕಟ್ಟಿಗೆಯ ಇದ್ದಿಲು ಸೇರಿಸಿ. ತೊಗರಿ ಕಡ್ಡಿಗಳನ್ನು ಗೇಣುದ್ದ ಕತ್ತರಿಸಿ ತಗಡಿನ ಡಬ್ಬಿಯಲ್ಲಿ ಇರುಕಾಗಿ ತುಂಬಿ, ಮುಚ್ಚಳಕ್ಕೆ ಮೊಳೆಯಿಂದ ಒಂದೇ ತೂತು ಮಾಡಿ ಒಲೆಗಿಡಿ. ತೂತಿನ ಹೊಗೆ ನಿಂತ ಮೇಲೆ ಇಳಿಸಿ, ಪೂರ್ತಿ ತಣ್ಣಗಾಗುವವರೆಗೆ ಮುಚ್ಚಳ ತೆಗೆಯಬೇಡಿ. ಬಿಸಿ ಇರುವಾಗ ಗಾಳಿ ತಾಗಿದರೆ ಇದ್ದಿಲು ಬೂದಿಯಾಗುತ್ತದೆ. ಗೆರೆ ಎಳೆಯಲೂ ಇದೇ ಕಡ್ಡಿ.

ಬಿರುಕೇ ಬೇಕು ಎನ್ನುವವರಿಗೆ ಮೊದಲೇ ತಿಳಿದಿರಲಿ: ಲೇಪದ ದಪ್ಪ ಹೆಚ್ಚಿದಷ್ಟೂ ಬಿರುಕಿನ ತುಂಡುಗಳು ದೊಡ್ಡವು. 3–4 ಮಿ.ಮೀ. ಹಚ್ಚಿ, ಹಲಗೆಯನ್ನು ಮಲಗಿಸಿ, ನೆರಳಲ್ಲಿ ಒಣಗಿಸಿ. ಬಿಸಿಲಲ್ಲಿ ಮೇಲ್ಮೈ ಮೊದಲು ಕುಗ್ಗಿ ತುಂಡುಗಳ ಅಂಚು ಹಪ್ಪಳದ ಹಾಗೆ ಮೇಲಕ್ಕೆ ಸುರುಳುತ್ತದೆ. ಒಣಗಿದ ಮೇಲೆ ಅದನ್ನು ಹಿಡಿದು ನಿಲ್ಲಿಸಲು ಅಕ್ರಿಲಿಕ್ ಮೀಡಿಯಂ ನೀರು ಸುರಿಯುವುದು ಸಾಮಾನ್ಯ ತಪ್ಪು. ನೀರು ಕಂಡ ಕೂಡಲೇ ಎರೆ ಮತ್ತೆ ಉಬ್ಬಿ ಬಿರುಕು ಮುಚ್ಚಿಕೊಳ್ಳುತ್ತದೆ, ಆಮೇಲೆ ಬೇರೆಲ್ಲೋ ಬಿರಿಯುತ್ತದೆ. ನೀರಿಲ್ಲದ ದ್ರಾವಣ ಬೇಕು. ಸಂರಕ್ಷಣೆಯವರು ಬಳಸುವ ಪ್ಯಾರಲಾಯ್ಡ್ ಬಿ-72 ಎಂಬ ರಾಳದ ಹರಳು 5 ಗ್ರಾಂ, ಅಸಿಟೋನ್ ಸೇರಿ ಒಟ್ಟು 100 ಗ್ರಾಂ. ಬಿರುಕಿನೊಳಗೆ ಹನಿ ಹನಿಯಾಗಿ, ಒಂದೊಂದು ದಿನ ಬಿಟ್ಟು ಮೂರು ಸಲ. ಅಸಿಟೋನ್ ಬೆಂಕಿಗೆ ಥಟ್ಟನೆ ಹತ್ತಿಕೊಳ್ಳುತ್ತದೆ. ಬಾಗಿಲು ಕಿಟಕಿ ತೆರೆದು, ಒಲೆ, ಬೀಡಿ ದೂರ ಇಟ್ಟು ಮಾಡಿ.

ಗೋಣಿ ತಟ್ಟಿನ ತೊಂದರೆ ಬೇರೆ. ಸೆಣಬು ನೂಲುವಾಗ ಎಣ್ಣೆ ಹಾಕುತ್ತಾರೆ, ಆ ಜಿಡ್ಡು ಚೀಲದಲ್ಲಿ ಉಳಿದಿರುತ್ತದೆ. ಸಾಬೂನು ಹಾಕಿ ಬಿಸಿನೀರಲ್ಲಿ ಎರಡು ಸಲ ಒಗೆಯದೆ ಅಂಟಿಸಿದರೆ ಅಂಟು ನೂಲಿನ ಒಳಗೆ ಇಳಿಯುವುದಿಲ್ಲ. ಒಗೆದು ಒಣಗಿಸಿ, ಹಲಗೆಗೆ ಮೀಡಿಯಂ ಬಳಿದು ತಟ್ಟನ್ನು ಹಾಸಿ, ಮೇಲಿನಿಂದಲೂ ಮೀಡಿಯಂ ಕುಡಿಸಿ, ನಡುವಿನಿಂದ ಅಂಚಿಗೆ ರೋಲರ್ ಎಳೆಯಿರಿ. ಅಷ್ಟಾದರೂ ಸೆಣಬು ಕಾಲಕ್ಕೆ ಕಂದಾಗುತ್ತದೆ, ಪೆಳಸಾಗುತ್ತದೆ. ಅದು ನೂಲಿನಲ್ಲೇ ಇರುವ ಲಿಗ್ನಿನ್ ಎಂಬ ವಸ್ತುವಿನ ಗುಣ, ತಡೆಯಲಾಗದು. ಬಣ್ಣ ಬದಲಾದರೂ ನಡೆಯುವ ಜಾಗದಲ್ಲಿ ಮಾತ್ರ ಅದನ್ನು ಬರಿಮೈಯಾಗಿ ಬಿಡಿ. ಹಳೆಯ ಪೇಪರು ಅಂಟಿಸುವವರಿಗೂ ಇದೇ ಮಾತು. ಕೌದಿಯ ಹತ್ತಿ ಬಟ್ಟೆ ಇವೆರಡಕ್ಕಿಂತ ಎಷ್ಟೋ ನಂಬಿಗಸ್ತ. ಹೊಸ ಬಟ್ಟೆಯಾದರೆ ಗಂಜಿ ಹೋಗುವವರೆಗೆ ಒಗೆಯಿರಿ, ಗಂಜಿ ಇದ್ದಲ್ಲಿ ಹುಳು ಬರುತ್ತದೆ.

ಅರಿಶಿನ ಬಳಸಬಹುದಾ ಎಂಬ ಪ್ರಶ್ನೆ ಪ್ರತಿ ಸಲ ಬರುತ್ತದೆ. ಅಕ್ರಿಲಿಕ್ ಮೀಡಿಯಂ ಸ್ವಲ್ಪ ಕ್ಷಾರದ್ದು, ಅದರಲ್ಲಿ ಅಮೋನಿಯಾ ಇರುತ್ತದೆ. ಅರಿಶಿನ ಹಾಕಿದರೆ ಸುಣ್ಣ ಬೆರೆತ ಹಾಗೆ ಕೆಂಪಗಾಗಿ, ಒಣಗುತ್ತಾ ಮತ್ತೆ ಹಳದಿಗೆ ಮರಳುತ್ತದೆ. ನೋಡಲು ಮಜಾ. ಆದರೆ ಕಿಟಕಿಯ ಬೆಳಕಿಗೆ ಕೆಲವೇ ವಾರಗಳಲ್ಲಿ ಬಿಳಿಚುತ್ತದೆ. ಹಳದಿಗೆ ಜಂಬಿಟ್ಟಿಗೆಯ ಉಂಡೆ ಇದೆಯಲ್ಲ. ಅದೇ ಅಮೋನಿಯಾ ತಾಮ್ರದ ತಗಡಿಗೆ ತಾಗಿದರೆ ಹಸಿರು-ನೀಲಿ ಕಲೆ ಬರುತ್ತದೆ. ತಾಮ್ರ, ಹಿತ್ತಾಳೆ ಸೇರಿಸುವವರು ಮೊದಲು ಲೋಹಕ್ಕೆ ಬಿ-72 ಲೇಪ ಕೊಟ್ಟು ಆಮೇಲೆ ಪಕ್ಕದಲ್ಲಿ ಬಣ್ಣ ಹಚ್ಚಲಿ.

ಎಣ್ಣೆಬಣ್ಣ ಮತ್ತು ಅಕ್ರಿಲಿಕ್ ಬಗ್ಗೆ ಒಂದೇ ಮಾತು ಸಾಕು. ಅಕ್ರಿಲಿಕ್ ಮೇಲೆ ಎಣ್ಣೆ ನಡೆಯುತ್ತದೆ, ಎಣ್ಣೆಯ ಮೇಲೆ ಅಕ್ರಿಲಿಕ್ ನಡೆಯುವುದಿಲ್ಲ, ಸಿಪ್ಪೆ ಏಳುತ್ತದೆ.

ನಮ್ಮ ಬಿಸಿಲಿನ ಬಗ್ಗೆ ಮಾತ್ರ ಇನ್ನಷ್ಟು ಹೇಳಬೇಕು, ಏಕೆಂದರೆ ಬಣ್ಣದ ಕಂಪನಿಗಳ ಸೂಚನೆಗಳು ಬೇರೆ ಹವೆಯಲ್ಲಿ ಕೂತು ಬರೆದವು. ಏಪ್ರಿಲ್-ಮೇ ಮಧ್ಯಾಹ್ನ ದಪ್ಪ ಅಕ್ರಿಲಿಕ್ ಹಚ್ಚಿದರೆ ಮೇಲ್ಮೈ ನಿಮಿಷಗಳಲ್ಲಿ ಚರ್ಮ ಕಟ್ಟುತ್ತದೆ, ಒಳಗೆ ಹಸಿ. ಒಳಗಿನದು ಕುಗ್ಗುವಾಗ ಚರ್ಮ ಹರಿದು ಕಾಗೆ ಕಾಲಿನಂಥ ಸೀಳು ಬೀಳುತ್ತದೆ. ಬೆಳಗಿನ ಜಾವ ಹಚ್ಚಿ, ಫ್ಯಾನ್ ಆರಿಸಿ, ಒದ್ದೆ ಗೋಣಿ ಹೊದಿಸಿದ ಚೌಕಟ್ಟಿನ ಕೆಳಗೆ ನಿಧಾನಕ್ಕೆ ಒಣಗಿಸಿ. ಗೋಣಿ ಬಣ್ಣಕ್ಕೆ ತಾಗಬಾರದು. ಒಣಗಿದ ಅಕ್ರಿಲಿಕ್ ಕೂಡ ಬಿಸಿಗೆ ಮೆತ್ತಗಾಗುತ್ತದೆ. ಎರಡು ಕೃತಿಗಳನ್ನು ಮುಖಕ್ಕೆ ಮುಖ ಕೊಟ್ಟು ಟೆಂಪೊದಲ್ಲಿ ಹಾಕಿದರೆ ಇಳಿಸುವಾಗ ಒಂದೇ ಕೃತಿಯಾಗಿರುತ್ತವೆ. ಪೇಪರು ಸುತ್ತಿದರೆ ಸುದ್ದಿಯೆಲ್ಲ ಬಣ್ಣದಲ್ಲಿ ಅಚ್ಚಾಗುತ್ತದೆ, ಗುಳ್ಳೆ ಪ್ಲಾಸ್ಟಿಕ್ ಸುತ್ತಿದರೆ ಗುಳ್ಳೆಗಳು. ಸಿಲಿಕೋನ್ ಲೇಪದ ಕಾಗದ ಬಳಸಿ, ನಾಲ್ಕು ಮೂಲೆಗೆ ಥರ್ಮೊಕೋಲ್ ತುಂಡಿಟ್ಟು, ಯಾವುದೂ ಬಣ್ಣಕ್ಕೆ ಒತ್ತದ ಹಾಗೆ ಕಟ್ಟಿ.

ತೂಗುಹಾಕುವ ಲೆಕ್ಕ. ನಾಲ್ಕಕ್ಕೆ ಮೂರು ಅಡಿಯ ಪ್ಲೈವುಡ್ ಒಂಬತ್ತು ಕಿಲೋ ಹತ್ತಿರ, ಅದರ ಮೂರನೇ ಒಂದು ಭಾಗ ಫರಸಿಯಾದರೆ ಹತ್ತು, ಚೌಕಟ್ಟು ಮೂರು. ಹೆಚ್ಚುಕಡಿಮೆ ಇಪ್ಪತ್ತೆರಡು ಕಿಲೋ ಆಯಿತು. ಒಂದು ಮೊಳೆ, ಒಂದು ದಾರ ಇದಕ್ಕೆ ಸಾಲದು. ಮೂರು ಇಂಚಿನ ಕಟ್ಟಿಗೆ ಪಟ್ಟಿಯನ್ನು ಉದ್ದಕ್ಕೆ 45 ಡಿಗ್ರಿ ಓರೆಯಲ್ಲಿ ಸೀಳಿಸಿ, ಒಂದನ್ನು ಓರೆ ಮೇಲ್ಮುಖವಾಗಿ ಗೋಡೆಗೆ ಮೂರು ನಾಲ್ಕು ಸ್ಕ್ರೂ ಹಾಕಿ, ಇನ್ನೊಂದನ್ನು ಕೆಳಮುಖವಾಗಿ ಚೌಕಟ್ಟಿಗೆ. ಕೃತಿಯನ್ನು ಎತ್ತಿ ಇಳಿಸಿದರೆ ಓರೆ ಓರೆಯನ್ನು ಕಚ್ಚುತ್ತದೆ. ಇಲ್ಲಿಯ ಭಾರದ ಕೃತಿಗಳೆಲ್ಲ ಹಾಗೇ ನಿಂತಿವೆ, ಬೇಕಿದ್ದರೆ ಪಕ್ಕದಿಂದ ಇಣುಕಿ ನೋಡಿ.

ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳು. ಸುರಪುರ ಶೈಲಿಯ ಚಿತ್ರಗಳಲ್ಲಿ ಇರುವ ಹಾಗೆ ಬಂಗಾರದ ರೇಕು ಬಳಸಬಹುದೇ ಎಂದು ಒಬ್ಬರು ಕೇಳಿದರು. ಅಪ್ಪಟ ಬಂಗಾರದ ರೇಕಾದರೆ ಧಾರಾಳವಾಗಿ, ಅದು ಕಪ್ಪಾಗುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ತಾಮ್ರ-ಸತುವಿನ ರೇಕು. ಬರಿಗೈಯಲ್ಲಿ ಮುಟ್ಟಿದ ಜಾಗದಲ್ಲಿ ಬೆರಳಿನ ಗುರುತೇ ಕಂದಾಗಿ ಮೂಡುತ್ತದೆ. ಹತ್ತಿ ಗ್ಲೌಸ್ ಹಾಕಿ ಕೂರಿಸಿ, ಮೇಲೆ ಬಿ-72 ಲೇಪ ಕೊಡಿ. ಇನ್ನೊಬ್ಬರದು ಮನೆಗೆ ಒಯ್ದ ಮೇಲೆ ಧೂಳು ಒರೆಸುವುದು ಹೇಗೆ ಎಂದು. ಒದ್ದೆ ಬಟ್ಟೆ ಬೇಡ, ಒಣ ಬಟ್ಟೆಯೂ ಬೇಡ. ಗೋಣಿಯ ನೂಲು ಬಟ್ಟೆಗೆ ಸಿಕ್ಕು ಕಿತ್ತು ಬರುತ್ತದೆ. ಎರಡು ಇಂಚಿನ ಮೆತ್ತನೆಯ ಬ್ರಶ್, ಮೇಲಿನಿಂದ ಕೆಳಕ್ಕೆ, ಎರೆಮಣ್ಣಿನ ಭಾಗ ಬಿಟ್ಟು. ಅಲ್ಲಿ ಕೂತ ಧೂಳು ಅಲ್ಲೇ ಇರಲಿ, ಅದೂ ನಮ್ಮೂರಿನ ಮಣ್ಣೇ.